ಪೆಡಲ್ ಕಳಚಿದ ಸೈಕಲ್ ಮತ್ತು ಡೆನ್ಮಾರ್ಕಿನ ಒಂದು ವಾರ

ಬಜಪೆ, ಗಾಜಿನ ಒಳಗೆ

ನಮ್ಮ ಮನೆಯಲ್ಲಿ ವಿಮಾನ ಹತ್ತದೆ ಉಳಿದವಳು ನಾನೊಬ್ಬಳೇ. ಬಂಟ್ವಾಳದ ನಮ್ಮ ಕುಟುಂಬದಲ್ಲಿ ಅಣ್ಣಂದಿರು, ಭಾವ, ಮೈದುನ ಎಲ್ಲರೂ ಗಲ್ಫ್ ಕಂಡವರು. ಅತ್ತೆ ಕೂಡ ಉಮ್ರಾಕ್ಕೆ ಹೋಗಿ ಬಂದಿದ್ದಾರೆ. ಗಂಡ ಹಂಝ ಜುಬೈಲಿನಲ್ಲಿದ್ದಾರೆ. ಹಾಗಾಗಿ ಬಜಪೆ ವಿಮಾನ ನಿಲ್ದಾಣಕ್ಕೆ ನಾನು ಹೋದದ್ದಕ್ಕೆ ಲೆಕ್ಕವಿಲ್ಲ. ಆದರೆ ಪ್ರತಿ ಸಲವೂ ಗಾಜಿನ ಹೊರಗೆ ನಿಂತು ಕೈಬೀಸುವುದು, ದಾರಿಯಲ್ಲಿ ಐಸ್‌ಕ್ರೀಮ್ ತಿಂದು ಮನೆಗೆ ಬರುವುದು, ಇಷ್ಟೇ ನನ್ನ ವಿದೇಶ ಪ್ರವಾಸ. ಈ ಮೇ ತಿಂಗಳಲ್ಲಿ ನಾನು ಗಾಜಿನ ಒಳಗಿದ್ದೆ, ಉಮ್ಮ ಹೊರಗಿದ್ದರು. ಖುಷಿ ತಡೆಯಲಾರದೆ ನಾನು ಎಷ್ಟು ಜೋರಾಗಿ ಕೈಬೀಸಿದೆನೆಂದರೆ ಪಕ್ಕದಲ್ಲಿದ್ದವರ ಟೋಪಿ ಬಿತ್ತು.

ನಾನು ಮೂಡುಬಿದಿರೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಶಾಲೆಗೂ ಡೆನ್ಮಾರ್ಕಿನ ಒಂದು ಸಣ್ಣ ಕಡಲೂರಿನ ಶಾಲೆಗೂ ಸ್ನೇಹ ಬೆಳೆದು, ಅಲ್ಲಿನ ತರಗತಿಗಳನ್ನು ನೋಡಿ ಬರಲು ಇಬ್ಬರನ್ನು ಕಳುಹಿಸುವುದೆಂದು ತೀರ್ಮಾನವಾಯಿತು. ನನ್ನನ್ನು ಆರಿಸಲು ಕಾರಣ ರಚನಾವಾದ. ಬೆಳ್ತಂಗಡಿ, ಬಂಟ್ವಾಳದಲ್ಲಿ ಶಿಕ್ಷಕರ ತರಬೇತಿ ನಡೆದಾಗೆಲ್ಲ ಈ ವಿಷಯಕ್ಕೆ ನನ್ನನ್ನೇ ಕರೆಯುತ್ತಾರೆ. "ಮಗುವಿನ ತಲೆ ಖಾಲಿ ಕೊಡ ಅಲ್ಲ. ಆಗಲೇ ಗೊತ್ತಿದ್ದದ್ದರ ಮೇಲೆ ಹೊಸದನ್ನು ಮಗು ತಾನೇ ಕಟ್ಟಿಕೊಳ್ಳುತ್ತದೆ. ಮಾಡಿ ನೋಡುತ್ತದೆ, ತಪ್ಪುತ್ತದೆ, ಜತೆಯವರೊಡನೆ ವಾದಿಸುತ್ತದೆ, ಮತ್ತೆ ಕಟ್ಟುತ್ತದೆ" ಎಂದು ನಾನು ಮೈಕಿನಲ್ಲಿ ಹೇಳುತ್ತೇನೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಿಕ್ಷಕರು ಅಲ್ಲಾಡದೆ ಕೂತು ಕೇಳುತ್ತಾರೆ.

ಜತೆಗೆ ಹೊರಟವರು ಜಲಜಕ್ಕ. ನಾರಾವಿಯವರು, ಗಣಿತದ ಟೀಚರ್, ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವರು. ಅವರು ಕಾರಿಡಾರಿನಲ್ಲಿ ಕೆಮ್ಮಿದರೆ ಎರಡು ತರಗತಿಗಳು ಸುಮ್ಮನಾಗುತ್ತವೆ. ಪ್ರವಾಸಕ್ಕೆಂದೇ ಸೀರೆ ಬಿಟ್ಟು ಚೂಡಿದಾರ ತೊಟ್ಟಿದ್ದರು. ವಿಮಾನ ಮೇಲೇರುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರು: "ಅಲ್ಲ ಮೈಮೂನಾ, ಮಕ್ಕಳು ತಾವೇ ಎಲ್ಲ ಕಟ್ಟಿಕೊಳ್ತಾರೆ ಅಂತಾದ್ರೆ ನಮಗೆ ಸಂಬಳ ಯಾಕೆ?"

"ನೋಡುವ ಜಲಜಕ್ಕ. ಅದನ್ನೇ ನೋಡ್ಲಿಕ್ಕೆ ಹೋಗುದಲ್ವಾ?"

"ನೋಡುವ, ನೋಡುವ. ಮೊದಲು ಇದು ನೆಟ್ಟಗೆ ಇಳಿಯಲಿ."

ಪೆಟ್ಟಿಗೆಯಲ್ಲಿ ಊರು ಪ್ರವೇಶ

ಕೋಪನ್‌ಹೇಗನ್‌ನಿಂದ ರೈಲು ಹಿಡಿದು ಆ ಕಡಲೂರು ತಲುಪಿದಾಗ ಸಂಜೆಯಾಗಿತ್ತು. ಸಂಜೆ ಎಂದು ಹೇಳಿದ್ದು ಗಡಿಯಾರ ಮಾತ್ರ. ಬಿಸಿಲು ನಮ್ಮಲ್ಲಿ ಮೂರು ಗಂಟೆಗಿರುವಂತೆ ಹೊಳೆಯುತ್ತಿತ್ತು. ನಿಲ್ದಾಣದಲ್ಲಿ ನಾಲ್ಕನೇ ತರಗತಿಯ ಶಿಕ್ಷಕ ಯೆನ್ಸ್ ಕಾಯುತ್ತಿದ್ದರು. ಅಡಿಕೆ ಕೀಳುವ ದೋಟಿಯಷ್ಟು ಉದ್ದದ, ಬಿಳಿ ಗಡ್ಡದ ಮನುಷ್ಯ. ಅವರ ಹಿಂದೆ ಸಾಲಾಗಿ ಸೈಕಲ್‌ಗಳು.

"ಇದು ನಿಮಗೆ, ಇದು ನಿಮಗೆ" ಎಂದು ಒಂದೊಂದನ್ನು ಮುಂದೆ ತಳ್ಳಿದರು.

ನನಗೆ ಸೈಕಲ್ ಬರುವುದಿಲ್ಲ ಎಂದೆ. ಕಾಲು ನೋವೇ ಎಂದು ಕೇಳಿದರು. ಅಲ್ಲ, ಕಲಿತೇ ಇಲ್ಲ ಎಂದೆ. ಯಾರಾದರೂ ನಮ್ಮೂರಿಗೆ ಬಂದು "ನನಗೆ ಅನ್ನ ಕಲಸಿ ಉಣ್ಣಲು ಬರುವುದಿಲ್ಲ" ಎಂದರೆ ನಾವು ಹೇಗೆ ನೋಡುತ್ತೇವೋ ಹಾಗೆ ನೋಡಿದರು, ಮರುಕದಿಂದ. ನಮ್ಮ ಮನೆಯಲ್ಲಿದ್ದದ್ದು ಅಣ್ಣಂದಿರ ಒಂದೇ ಸೈಕಲ್. ಸರದಿ ನನ್ನ ತನಕ ಬರುವಷ್ಟರಲ್ಲಿ ಅದರ ಚಕ್ರ ಬಾವಿಯ ಹತ್ತಿರ, ಹ್ಯಾಂಡಲ್ ಕೊಟ್ಟಿಗೆಯಲ್ಲಿ ಇತ್ತು.

ಸೂಟ್‌ಕೇಸುಗಳನ್ನು ಒಯ್ಯಲು ಯೆನ್ಸ್ ಅವರ ಹೆಂಡತಿ ಪುಟ್ಟ ಕಾರು ತಂದಿದ್ದರು. ಹಿಂದೆ ಸೂಟ್‌ಕೇಸುಗಳು ತುಂಬಿದವು. ಮುಂದಿನ ಸೀಟಿನಲ್ಲಿ ದೊಡ್ಡದೊಂದು ನಾಯಿ ಕೂತಿತ್ತು, ಅದಕ್ಕೆ ಏಳುವ ಮನಸ್ಸಿರಲಿಲ್ಲ. ಉಳಿದದ್ದು ಯೆನ್ಸ್ ಅವರ ಸ್ವಂತ ಸೈಕಲ್. ಅದರ ಮುಂದೆ ಮಕ್ಕಳನ್ನೂ ಸಾಮಾನನ್ನೂ ಹೊರಲು ಮರದ ದೊಡ್ಡ ಪೆಟ್ಟಿಗೆ. ಹೀಗೆ ನಲವತ್ತು ದಾಟಿದ, ತರಬೇತಿಗಳಲ್ಲಿ ಹಾರ ಹಾಕಿಸಿಕೊಳ್ಳುವ ನಾನು, ಸ್ಕಾರ್ಫ್ ಸರಿಮಾಡಿಕೊಂಡು ಪೆಟ್ಟಿಗೆಯೊಳಗೆ ಮಂಡಿ ಮಡಚಿ ಕೂತೆ.

ಹಿಂದಿನಿಂದ ಸೈಕಲ್ ತುಳಿಯುತ್ತಿದ್ದ ಜಲಜಕ್ಕ ಇದ್ದಕ್ಕಿದ್ದಂತೆ ನಮ್ಮೂರ ಮೀನು ಮಾರುವವರ ರಾಗ ತೆಗೆದರು: "ಬೂತಾಯಿ! ಬಂಗುಡೆ! ಫ್ರೆಶ್ ಉಂಟು!"

ನನಗೆ ನಗು ತಡೆಯಲಾಗದೆ ಪೆಟ್ಟಿಗೆ ಅಲುಗಿತು. ಅದೇನು ಹಾಡು ಎಂದು ಯೆನ್ಸ್ ಕೇಳಿದರು. ಸ್ವಾಗತ ಗೀತೆ ಎಂದೆ.

ದಾರಿಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಇದು ಜಲಜಕ್ಕನಿಗೆ ಸಹಿಸಲಾಗಲಿಲ್ಲ. "ಎಂತ ಜನ ಮಾರಾಯ್ತಿ! ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಹೀಗೆ ಹೋಗಿದ್ರೆ ವಾರ ಇಡೀ ಅದೇ ಸುದ್ದಿ." ಹೇಳುತ್ತಾ ಹೇಳುತ್ತಾ, ಸೈಕಲ್ ತುಳಿಯುವುದು ನಿಲ್ಲಿಸಿ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸಿದರು, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ. ಅಲ್ಲಿನ ಆ ಸೈಕಲ್‌ಗೆ ಬ್ರೇಕು ಇರುವುದೇ ಹಾಗೆ ಹಿಂದಕ್ಕೆ ತುಳಿಯುವುದರಲ್ಲಿ. ಸೈಕಲ್ ಗಕ್ಕನೆ ನಿಂತಿತು, ಜಲಜಕ್ಕ ನಿಲ್ಲಲಿಲ್ಲ. ಯಾರದೋ ಮನೆಯ ಅಂದವಾಗಿ ಕತ್ತರಿಸಿದ ಬೇಲಿಯೊಳಗಿಂದ ಅವರ ಸ್ವರ ಬಂತು: "ನನಗೆಂತದ್ದೂ ಆಗ್ಲಿಲ್ಲ. ನಾರಾವಿಯ ಗದ್ದೆ ಹುಣಿಯಲ್ಲಿ, ಅಷ್ಟು ಸಪೂರ ಬದುವಿನಲ್ಲಿ ಸೈಕಲ್ ಬಿಟ್ಟವಳು ನಾನು. ಸೈಕಲ್ಲೇ ಸರಿ ಇಲ್ಲ!"

ಮೊದಲೇ ಗೊತ್ತಿರುವುದರ ಮೇಲೆ ಹೊಸದನ್ನು ಕಟ್ಟಿಕೊಳ್ಳುತ್ತೇವೆ ಎಂದು ಹೇಳುವಾಗ, ಮೊದಲೇ ಗೊತ್ತಿರುವುದು ಹೀಗೆ ಬೇಲಿಗೂ ಹಾಕೀತು ಎಂದು ನಾನು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಮುಳುಗುವುದು, ತೇಲುವುದು

ಆ ಶಾಲೆಗೆ ಗೇಟು ಇಲ್ಲ. ಮಕ್ಕಳು ಶಿಕ್ಷಕರನ್ನು ಹೆಸರು ಹಿಡಿದು ಕರೆಯುತ್ತಾರೆ. ಹತ್ತು ವರ್ಷದ ಹುಡುಗಿಯೊಬ್ಬಳು ಬಂದು "ಹಾಯ್ ಜಲಜ!" ಎಂದಾಗ ಜಲಜಕ್ಕ ಹಿಂದೆ ತಿರುಗಿ ನೋಡಿದರು, ತಮ್ಮ ಅಜ್ಜಿ ಬಂದು ಕರೆದಳೋ ಎಂಬಂತೆ. "ನನ್ನನ್ನು ಬರೀ ಜಲಜ ಅಂತ ಕರಿಯದೆ ಮೂವತ್ತು ವರ್ಷ ಆಯ್ತು" ಎಂದರು. ಸಿಟ್ಟು ಬಂದಿರಲಿಲ್ಲ. ಮುಖದಲ್ಲಿ ಏನೋ ಪುಳಕವಿತ್ತು.

ಆ ಹುಡುಗಿಯ ಹೆಸರು ಫ್ರೇಯಾ. ಮೊಣಕಾಲಿನಲ್ಲಿ ಯಾವಾಗಲೂ ಒಂದು ಪ್ಲಾಸ್ಟರ್, ಬಾಯಲ್ಲಿ ಯಾವಾಗಲೂ ಒಂದು ಅಭಿಪ್ರಾಯ. ಇಂಗ್ಲಿಷ್ ಅವಳಿಗೆ ಸಾಕಷ್ಟು ಬರುತ್ತಿತ್ತು. ಉಳಿದ ಮಕ್ಕಳ ಡೇನಿಶ್ ಮಾತನ್ನು ಯೆನ್ಸ್ ನಮ್ಮ ಕಿವಿಯಲ್ಲಿ ಇಂಗ್ಲಿಷಿಗೆ ತರುತ್ತಿದ್ದರು.

ಅಂದು ನೀರಿನ ತೊಟ್ಟಿ ಇಟ್ಟು, ದಪ್ಪ ಮರದ ತುಂಡು, ಕಬ್ಬಿಣದ ಮೊಳೆ, ಜೇಡಿಮಣ್ಣಿನ ಉಂಡೆ ಕೊಟ್ಟು ಯೆನ್ಸ್ ಒಂದೇ ಮಾತು ಕೇಳಿದರು: ದೊಡ್ಡದು ತೇಲುತ್ತದೆ, ಸಣ್ಣದು ಮುಳುಗುತ್ತದೆ, ಯಾಕೆ? ಮಕ್ಕಳು ಮುಗಿಬಿದ್ದರು. ಮರದೊಳಗೆ ಗಾಳಿ ಇದೆ ಎಂದ ಒಬ್ಬ. ಮೊಳೆ ಚೂಪು, ನೀರನ್ನು ಚುಚ್ಚುತ್ತದೆ ಎಂದಳು ಇನ್ನೊಬ್ಬಳು. ಹಾಗಾದರೆ ಮೊಳೆಯನ್ನು ಅಡ್ಡ ಮಲಗಿಸು ಎಂದಳು ಫ್ರೇಯಾ. ಮಲಗಿಸಿದರು, ಮುಳುಗಿತು. ಯೆನ್ಸ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವಧಿ ಮುಗಿಯುತ್ತ ಬಂತು.

ನನ್ನ ಪಕ್ಕದಲ್ಲಿ ಜಲಜಕ್ಕ ಒಲೆಯ ಮೇಲಿನ ಹಾಲಿನ ಹಾಗೆ ಏರುತ್ತಿದ್ದರು. ನಾನು ಮೊಣಕೈ ಒತ್ತಿದೆ. ಪ್ರಯೋಜನವಾಗಲಿಲ್ಲ. "ಡೆನ್ಸಿಟಿ!" ಎಂದುಬಿಟ್ಟರು, ನಮ್ಮ ಶಾಲೆಯ ಕೊನೆಯ ಬೆಂಚಿಗೂ ಕೇಳುವ ಸ್ವರದಲ್ಲಿ.

ಕಥೆಯ ಕೊನೆಯನ್ನು ಯಾರೋ ಮೊದಲೇ ಹೇಳಿಬಿಟ್ಟರೆ ನೋಡುವಂತೆ ಮಕ್ಕಳು ಅವರನ್ನು ನೋಡಿದರು. ಹಾಗೆಂದರೇನು ಎಂದು ಫ್ರೇಯಾ ಕೇಳಿದಳು. ಜಲಜಕ್ಕ ಸೂತ್ರ ಹೇಳಿದರು, ಬೋರ್ಡಿನಲ್ಲಿ ಬರೆದೂ ತೋರಿಸಿದರು. ಫ್ರೇಯಾ ಮರ್ಯಾದೆಯಿಂದ ಕೇಳಿಸಿಕೊಂಡು, ಜೇಡಿಮಣ್ಣಿನ ಉಂಡೆಯನ್ನು ನೀರಿಗೆ ಹಾಕಿದಳು. ಮುಳುಗಿತು. ಅದೇ ಮಣ್ಣನ್ನು ತಟ್ಟಿ ಬಟ್ಟಲು ಮಾಡಿ ಬಿಟ್ಟಳು. ತೇಲಿತು. "ಮಣ್ಣು ಅದೇ ಅಲ್ವಾ? ಈಗ ಯಾಕೆ?" ಎಂದಳು. ಕೊಂಕಿಗಲ್ಲ, ನಿಜವಾಗಿಯೂ ಬೇಕಾಗಿತ್ತು ಅವಳಿಗೆ.

ಜಲಜಕ್ಕನಿಗೆ ಉತ್ತರ ಗೊತ್ತಿತ್ತು. ಗೊತ್ತಿತ್ತೆಂದು ನನಗೆ ಗೊತ್ತು. ಆದರೆ ಚೂಡಿದಾರದ ತೋಳು ಮೇಲೇರಿಸಿ, ಮಕ್ಕಳ ನಡುವೆ ನೆಲದಲ್ಲಿ ಕೂತು, ಒಂದು ಮುದ್ದೆ ಮಣ್ಣು ತೆಗೆದುಕೊಂಡರು. ಊಟದ ಗಂಟೆಗೆ ನಾನು ಹೋಗಿ ಕರೆದರೆ, "ತಾಳು ಮಾರಾಯ್ತಿ, ನನ್ನ ದೋಣಿಯಲ್ಲಿ ಹತ್ತು ಮೊಳೆ ನಿಂತಿದೆ, ಆ ಎಮೀಲನದ್ದು ಎಂಟಕ್ಕೇ ಮುಳುಗಿತು!" ಎಂದರು. ಎಮೀಲ್ ಎಂಬ ಕೆಂಪು ಕೂದಲಿನ ಹುಡುಗ ಇನ್ನಷ್ಟು ಅಗಲದ ದೋಣಿ ಕಟ್ಟುತ್ತಿದ್ದ. ಇಬ್ಬರಿಗೂ ಭಾಷೆ ಬೇಕಾಗಿರಲಿಲ್ಲ.

ತರಗತಿಯ ಮುಂದೆ ನಾನೇ ಪ್ರಶ್ನೆ

ಶುಕ್ರವಾರ ಇಡೀ ತರಗತಿ ಸಮುದ್ರಕ್ಕೆ ಹೋಗುವುದಿತ್ತು, ಸೈಕಲಿನಲ್ಲಿ. ನನಗಾಗಿ ಪೆಟ್ಟಿಗೆ ತೊಳೆದಿಟ್ಟಿದ್ದೇನೆ ಎಂದು ಯೆನ್ಸ್ ಹೇಳಿದರು. ನಾಲ್ಕನೇ ತರಗತಿಯವರ ನಡುವೆ ಸಾಮಾನಾಗಿ ಹೋಗುವುದನ್ನು ನೆನೆದು ನನಗೆ ಏನಾಯಿತೋ. "ನಾನು ಕಲಿಯುತ್ತೇನೆ, ಕಲಿಸುತ್ತೀರಾ?" ಎಂದು ಕೇಳಿಯೇಬಿಟ್ಟೆ.

ಅವರು ಕಲಿಸಲಿಲ್ಲ. ತರಗತಿಗೆ ಹೋಗಿ ಮಕ್ಕಳ ಮುಂದಿಟ್ಟರು: ಮೈಮೂನಾ ಶುಕ್ರವಾರ ಸೈಕಲಿನಲ್ಲಿ ಬರಬೇಕು. ಇವತ್ತು ಮಂಗಳವಾರ. ಏನು ಮಾಡೋಣ?

ನಾನು ಬೋರ್ಡಿನ ಮುಂದೆ ಒಂದು ಲೆಕ್ಕದ ಹಾಗೆ ನಿಂತಿದ್ದೆ. ಎಮೀಲ್ ಹೇಳಿದ, ಯಾರಾದರೂ ಹಿಂದೆ ಹಿಡಿದುಕೊಂಡು ಓಡಬೇಕು. ಫ್ರೇಯಾ ಒಪ್ಪಲಿಲ್ಲ. ಹಾಗೆ ಮಾಡಿದರೆ ಹಿಂದೆ ಯಾರೋ ಹಿಡಿದಿದ್ದಾರೆ ಎಂಬುದನ್ನಷ್ಟೇ ಅವರು ಕಲಿಯುತ್ತಾರೆ ಎಂದಳು. ದೊಡ್ಡ ಜಗಳವಾಯಿತು. ಎರಡನ್ನೂ ಮಾಡಿ ನೋಡುವುದೆಂದು ಯೆನ್ಸ್ ಹೇಳಿದರು.

ಮೊದಲು ಎಮೀಲನ ವಿಧಾನ. ಅವನು ಹಿಡಿದ, ನಾನು ತುಳಿದೆ. ಅವನಿದ್ದಾನೋ ಎಂದು ಹಿಂದೆ ನೋಡಿದೆ. ಅಷ್ಟೇ, ನಾನು, ಸೈಕಲ್, ಎಮೀಲ್ ಒಟ್ಟಿಗೆ ಹುಲ್ಲಿನ ಮೇಲೆ. ಎಮೀಲ್ ಎದ್ದು, ಅಂಗಿ ಕೊಡವಿ, ಫ್ರೇಯಾ ಹೇಳಿದ್ದು ಸರಿ ಇರಬಹುದು ಎಂದ. ಸೋತದ್ದಕ್ಕೆ ಮುಖ ಸಪ್ಪೆ ಮಾಡಲಿಲ್ಲ.

ಫ್ರೇಯಾ ಸ್ಪ್ಯಾನರ್ ತಂದು ಸೈಕಲಿನ ಎರಡೂ ಪೆಡಲ್ ಕಳಚಿದಳು. ಶಾಲೆಯ ಮೂಲೆಯ ಡಬ್ಬಿಯಲ್ಲಿ ಸ್ಪ್ಯಾನರ್, ಸುತ್ತಿಗೆ, ಗರಗಸ ಎಲ್ಲ ಮಕ್ಕಳ ಕೈಗೆ ಸಿಗುವಂತೆ ಇದ್ದವು. ನಮ್ಮಲ್ಲಿ ಕಂಪಾಸಿನ ಮುಳ್ಳಿಗೂ ನಾವು ಹೆದರುತ್ತೇವೆ. ಸೀಟು ತಗ್ಗಿಸಿ, ಎರಡೂ ಪಾದ ನೆಲಕ್ಕೆ ತಾಗುವಂತೆ ನನ್ನನ್ನು ಕೂರಿಸಿ, ಅಂಗಳದ ಸಣ್ಣ ಇಳಿಜಾರಿನಲ್ಲಿ ನಡೆ ಎಂದಳು.

ನಡೆದೆ. ಬಾತುಕೋಳಿಯ ಹಾಗೆ ಸೈಕಲನ್ನು ಕಾಲ ನಡುವೆ ಇಟ್ಟುಕೊಂಡು ನಡೆದೆ. ಹೆಲ್ಮೆಟ್ ಸ್ಕಾರ್ಫಿನ ಮೇಲೆ ಜಾರಿ ಕಿವಿಗೆ ಬಂದಿತ್ತು. ನಡೆಯುತ್ತಾ ನಡೆಯುತ್ತಾ ಒಂದು ಸಲ ಎರಡೂ ಕಾಲು ನೆಲ ಬಿಟ್ಟವು. ಒಂದೇ ಕ್ಷಣ. ಆ ಕ್ಷಣದಲ್ಲಿ ಸೈಕಲ್ ನೆಟ್ಟಗೆ ಇತ್ತು, ನಾನೂ ನೆಟ್ಟಗೆ ಇದ್ದೆ, ಹಿಡಿದವರು ಯಾರೂ ಇರಲಿಲ್ಲ. ನಾನು ಕಿರುಚಿದ್ದಕ್ಕೆ ಶಾಲೆಯ ಎಲ್ಲ ಕಿಟಕಿಗಳೂ ತೆರೆದವು.

ಫ್ರೇಯಾ ಕೇಳಿದಳು, ಏನು ಗೊತ್ತಾಯಿತು?

ಮೆಲ್ಲಗೆ ಹೋದರೆ ಬೀಳುತ್ತೇನೆ, ಜೋರು ಹೋದರೆ ಬೀಳುವುದಿಲ್ಲ ಎಂದೆ. ನಮ್ಮ ಊರಿನ ಎಲ್ಲ ತಾಯಂದಿರೂ ಹೇಳಿದ್ದಕ್ಕೆ ಇದು ಪೂರ್ತಿ ತಲೆಕೆಳಗು.

ಮರುದಿನ ಇನ್ನೊಂದು ಗೊತ್ತಾಯಿತು. ಅಂಗಳದಲ್ಲಿ ಒಂದು ದೊಡ್ಡ ಹೂವಿನ ಕುಂಡವಿತ್ತು. ಅದಕ್ಕೆ ತಾಗಬಾರದೆಂದು ಅದನ್ನೇ ನೋಡುತ್ತಾ ಹೋದೆ, ಪ್ರತಿ ಸಲವೂ ನೇರ ಅದಕ್ಕೇ ಹೋಗಿ ಗುದ್ದಿದೆ. ಕಣ್ಣು ಹೋದಲ್ಲಿಗೆ ಸೈಕಲ್ ಹೋಗುತ್ತದೆ. ಇದನ್ನು ಎಮೀಲ್ ಮೊದಲೇ ಹೇಳಿಬಿಡಬಹುದಿತ್ತು, ಕುಂಡವಾದರೂ ಉಳಿಯುತ್ತಿತ್ತು. ಆದರೆ ಹೇಳಿದ್ದರೆ ನಾನು ತಲೆಯಾಡಿಸಿ, ಮತ್ತೆ ಕುಂಡವನ್ನೇ ನೋಡುತ್ತಿದ್ದೆ.

ರಾತ್ರಿ ಹಂಝ ಅವರಿಗೆ ವಿಡಿಯೋ ಕಾಲ್ ಮಾಡಿ ಮೊಣಕೈಯ ತರಚು ತೋರಿಸಿದೆ.

"ಸೈಕಲಾ? ಈ ಪ್ರಾಯದಲ್ಲಿ? ಕಾರು ಕಲಿ ಅಂತ ಎಷ್ಟು ಸಲ ಹೇಳಿದ್ದೇನೆ, ಬೇಡ ಅಂದವಳು ನೀನೇ."

"ಕಾರಿಗೆ ನೀವು ಪಕ್ಕದಲ್ಲಿ ಕೂತು ಬ್ರೇಕ್ ಬ್ರೇಕ್ ಅಂತೀರಿ. ಇಲ್ಲಿ ಯಾರೂ ಎಂತದ್ದೂ ಹೇಳುದಿಲ್ಲ."

ಅವರು ತುಂಬ ಹೊತ್ತು ನಕ್ಕರು. ಬಿದ್ದರೆ ಎಡಕ್ಕೆ ಬೀಳು, ಬಲಗೈಯಲ್ಲಿ ಬರೆಯಲಿಕ್ಕೆ ಉಂಟಲ್ಲ ಎಂದರು.

ಗುರುವಾರದ ಸುತ್ತು

ಗುರುವಾರ ಫ್ರೇಯಾ ಪೆಡಲ್ ಹಾಕಿದಳು. ಇಳಿಜಾರಿನಲ್ಲಿ ಬಿಟ್ಟೆ, ಕಾಲು ಎತ್ತಿದೆ, ಪೆಡಲ್ ಸಿಕ್ಕಿತು, ತುಳಿದೆ. ಹೋಯಿತು! ಗೋಡೆ ಬಂತು, ಎಡಕ್ಕೆ ನೋಡಿದೆ, ಎಡಕ್ಕೆ ತಿರುಗಿತು. ಮಕ್ಕಳು ಕುಣಿದರು. ಅಂಗಳ ಒಂದು ಸುತ್ತು ಬಂದೆ, ಎರಡು ಸುತ್ತು ಬಂದೆ. ಮೂರನೆಯದರಲ್ಲಿ ಒಂದು ವಿಷಯ ಹೊಳೆಯಿತು. ನಿಲ್ಲಿಸುವುದು ಹೇಗೆಂದು ನಾನು ಕಲಿತೇ ಇರಲಿಲ್ಲ. ಪೆಡಲ್ ಇಲ್ಲದಾಗ ಕಾಲೇ ಬ್ರೇಕಾಗಿತ್ತು. ಈಗ ವೇಗ ಹೆಚ್ಚು, ಕಾಲು ಇಡಲು ಹೆದರಿಕೆ. ಬಲಕ್ಕೆ ತಿರುಗಲೂ ಬರುತ್ತಿರಲಿಲ್ಲ. ಗಾಣದ ಎತ್ತಿನಂತೆ ಎಡಕ್ಕೆ ಎಡಕ್ಕೆ ಸುತ್ತುತ್ತಲೇ ಇದ್ದೆ.

"ನಿಲ್ಲಿಸ್ಲಿಕ್ಕೆ ಬರುದಿಲ್ಲ ಜಲಜಕ್ಕಾ!" ಎಂದು ಕೂಗಿದೆ.

ಜಲಜಕ್ಕ ಓಡಿ ಬರುವಷ್ಟರಲ್ಲಿ ನಾನು ಆಚೆ ಬದಿಯಲ್ಲಿದ್ದೆ. ಯೆನ್ಸ್ ಮರದ ಹತ್ತಿರ ನಿಂತಿದ್ದರು. ಪ್ರತಿ ಸುತ್ತಿಗೂ ಅವರ ಮುಂದೆ ಹಾದುಹೋಗುವಾಗ ನೋಡಿದೆ: ಎರಡೂ ಕೈ ಜೇಬಿನಲ್ಲಿ, ಜೇಬಿನೊಳಗೆ ಮುಷ್ಟಿ, ಕುತ್ತಿಗೆಯ ನರ ಉಬ್ಬಿದೆ. ಓಡಿಬಂದು ಹಿಡಿಯಲು ಅವರ ಇಡೀ ಉದ್ದ ಶರೀರ ತುಡಿಯುತ್ತಿತ್ತು. ಹಿಡಿಯಲಿಲ್ಲ. ಕಲಿಸದೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಾದದ್ದು ಆಗಲೇ. ವಿಮಾನದಲ್ಲಿ ಜಲಜಕ್ಕ ಕೇಳಿದ ಸಂಬಳದ ಪ್ರಶ್ನೆಗೆ ಉತ್ತರ ಅಲ್ಲಿ, ಆ ಜೇಬಿನೊಳಗೆ ಇತ್ತು.

ಫ್ರೇಯಾ ನಡುವೆ ನಿಂತು ಕೂಗಿದಳು: "ಮೈಮೂನಾ! ಜಲಜ ಬೇಲಿಗೆ ಬಿದ್ದದ್ದು ಯಾಕೆ?"

ಬೇಲಿಯ ಕಥೆ ಶಾಲೆಗೆಲ್ಲ ಗೊತ್ತಿತ್ತು, ಜಲಜಕ್ಕನೇ ಅಭಿನಯಿಸಿ ತೋರಿಸಿದ್ದರು. ಯಾಕೆ ಬಿದ್ದರು? ಹಿಂದಕ್ಕೆ ತುಳಿದರು, ಅದಕ್ಕೆ. ನಾನು ಹಿಂದಕ್ಕೆ ತುಳಿದೆ, ಮೆಲ್ಲಗೆ. ಸೈಕಲ್ ನಿಂತಿತು. ನಾನೂ ನಿಂತೆ, ಎರಡೂ ಕಾಲ ಮೇಲೆ, ಡೆನ್ಮಾರ್ಕಿನ ನೆಲದ ಮೇಲೆ.

ಜಲಜಕ್ಕ ಏದುಸಿರು ಬಿಡುತ್ತಾ ಬಂದು ನನ್ನನ್ನು ಅಪ್ಪಿಕೊಂಡರು. "ನಾನು ಬಿದ್ದದ್ದು ದಂಡ ಆಗ್ಲಿಲ್ಲ ನೋಡು!" ಯೆನ್ಸ್ ಜೇಬಿನಿಂದ ಕೈ ತೆಗೆದು ಒರೆಸಿಕೊಂಡರು. ಅಂಗೈ ಒದ್ದೆಯಾಗಿತ್ತು.

ಸಮುದ್ರ

ಶುಕ್ರವಾರ ಬೆಳಿಗ್ಗೆ ಸಾಲು ಹೊರಟಿತು. ಮುಂದೆ ಯೆನ್ಸ್, ಅವರ ಪೆಟ್ಟಿಗೆಯಲ್ಲಿ ಈಗ ರೊಟ್ಟಿ ಮತ್ತು ಟವೆಲ್‌ಗಳು. ಹಿಂದೆ ಮಕ್ಕಳು, ಕೊನೆಗೆ ನಾನು ಮತ್ತು ಜಲಜಕ್ಕ. ದಾರಿಯ ಎರಡೂ ಬದಿ ಸಾಸಿವೆಯಂಥ ಹಳದಿ ಹೂವಿನ ಹೊಲಗಳು, ಕಣ್ಣು ಕೋರೈಸುವಷ್ಟು. ಸೈಕಲ್‌ಗೆ ಪ್ರತ್ಯೇಕ ದಾರಿ. ನಾನು ತುಳಿದದ್ದೇ ಗೊತ್ತಾಗಲಿಲ್ಲ, ಯಾರೋ ತಳ್ಳಿದ ಹಾಗೆ ಹೋಗುತ್ತಿದ್ದೆ. ಬಲಕ್ಕೂ ತಿರುಗಿದೆ. ಒಂದು ಕಡೆ ಒಂದು ಕೈ ಬಿಟ್ಟು ಹೆಲ್ಮೆಟ್ ಸರಿಮಾಡಿಕೊಂಡೆ! ಹೀಗೇ ಆದರೆ ಮೂಡುಬಿದಿರೆಯಿಂದ ಪುತ್ತಿಗೆಗೆ ಸೈಕಲಿನಲ್ಲೇ ಹೋಗುವುದು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅವರ ಸಮುದ್ರ ನಮ್ಮದರಂತಲ್ಲ. ಅಬ್ಬರವಿಲ್ಲ, ನೊರೆಯಿಲ್ಲ. ದೊಡ್ಡ ಕೆರೆಯಂತೆ ಸುಮ್ಮನೆ ಮಲಗಿರುತ್ತದೆ. ಆದರೆ ಕಾಲು ಇಟ್ಟರೆ ಐಸು. ಮಕ್ಕಳು ಅದರೊಳಗೆ ಹಾರಿದರು. ನಾವು ದಡದಲ್ಲಿ ಕಪ್ಪು ರೊಟ್ಟಿಯ ಮೇಲೆ ಇಟ್ಟ ಮೀನು ತಿಂದೆವು. ನೋಡಲು ನಮ್ಮ ಬೂತಾಯಿಯ ಅಣ್ಣನಂತಿತ್ತು. ಬಾಯಿಗಿಟ್ಟರೆ ಸಿಹಿ, ಹುಳಿ, ತಣ್ಣಗೆ. "ಮೀನಿಗೆ ಸಕ್ಕರೆಯಾ!" ಎಂದು ಜಲಜಕ್ಕ ಕಣ್ಣು ಮುಚ್ಚಿದರು. ಆಮೇಲೆ ಬ್ಯಾಗಿನಿಂದ ಮನೆಯ ಮೆಣಸಿನ ಪುಡಿ ತೆಗೆದು ಉದುರಿಸಿದರು. ಎಮೀಲ್ ತನಗೂ ಬೇಕೆಂದ. ಬೇಡ ಎಂದು ಹೇಳಲು ನಾನು ಬಾಯಿ ತೆರೆದೆ, ಜಲಜಕ್ಕ ತಡೆದರು: "ತಿಂದು ನೋಡಲಿ. ಅವನೇ ಕಟ್ಟಿಕೊಳ್ಳಲಿ." ಎಮೀಲ್ ಕೆಂಪಾಗಿ, ಸಮುದ್ರಕ್ಕೆ ಓಡಿ, ಬಾಯಿ ತೊಳೆದು ಬಂದ. ಮತ್ತೆ ಕೈ ಚಾಚಿದ, ಸ್ವಲ್ಪವೇ ಸಾಕೆಂದು ಬೆರಳಿನಲ್ಲಿ ತೋರಿಸುತ್ತಾ.

ಎದುರುಗಾಳಿ

ಬೆಳಿಗ್ಗೆ ಬರುವಾಗ ಗಾಳಿ ಬೆನ್ನಿಗಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಸಮುದ್ರದಿಂದ ಊರ ಕಡೆ ಸೈಕಲ್ ತಿರುಗಿಸಿದ ಕೂಡಲೇ ಅದೇ ಗಾಳಿ ಎದೆಗೆ ಕೈಯಿಟ್ಟು ನಿಲ್ಲಿಸಿತು. ಎಷ್ಟು ತುಳಿದರೂ ಹಳದಿ ಹೊಲ ಕದಲುವುದಿಲ್ಲ. ನನ್ನ ಉದ್ದ ಕುರ್ತಾ ಹಾಯಿಯಂತೆ ಉಬ್ಬಿ ಹಿಂದಕ್ಕೆ ಎಳೆಯಿತು. ಬೆಳಿಗ್ಗೆ ಇಷ್ಟು ಚೆನ್ನಾಗಿ ತುಳಿದದ್ದು ನಾನಲ್ಲ, ಗಾಳಿ ಎಂದು ಆಗ ಅರ್ಥವಾಯಿತು. ವೇಗ ಕಡಿಮೆಯಾಯಿತು, ಸೈಕಲ್ ತೂಗಾಡಿತು, ಹುಲ್ಲಿನ ಮೇಲೆ ಬಿದ್ದೆ. ಎಡಕ್ಕೇ ಬಿದ್ದೆ.

ಯೆನ್ಸ್ ನಿಲ್ಲಿಸಿ, ಪೆಟ್ಟಿಗೆಯಲ್ಲಿ ಜಾಗ ಇದೆ ಎಂದರು. ಹೌದು ಎಂದುಬಿಡುವವಳಿದ್ದೆ. ಅಷ್ಟರಲ್ಲಿ ಜಲಜಕ್ಕ ತಮ್ಮ ಸೈಕಲನ್ನು ನನ್ನ ಮುಂದೆ ತಂದು ನಿಲ್ಲಿಸಿದರು.

"ನನ್ನ ಹಿಂದೆ ಬಾ. ಈ ಶರೀರ ಗಾಳಿಗೆ ಅಡ್ಡ ಇರುದು ಎಂತಕ್ಕೆ ಮತ್ತೆ?"

ನಾನು ಕುರ್ತಾವನ್ನು ನೇಜಿ ನೆಡುವವರಂತೆ ಎತ್ತಿ ಸೊಂಟಕ್ಕೆ ಬಿಗಿದೆ. ಕೆಳಗೆ ಪೈಜಾಮ ಇತ್ತಲ್ಲ. ಬಾಗಿ ಹ್ಯಾಂಡಲಿನ ಹತ್ತಿರ ಮುಖ ತಂದೆ. ಜಲಜಕ್ಕನ ಬೆನ್ನಿನ ಹಿಂದೆ ಗಾಳಿ ನಿಜಕ್ಕೂ ಕಡಿಮೆಯಿತ್ತು. ಸ್ವಲ್ಪ ಹೊತ್ತಿಗೆ ಅವರು ದಣಿದರು, ಎಮೀಲ್ ಮುಂದೆ ಬಂದ. ಅವನಿಗೆ ಸಾಕಾದಾಗ ಫ್ರೇಯಾ. ಹೀಗೆ ಸರದಿಯ ಮೇಲೆ ಗಾಳಿ ಹೊತ್ತೆವು. ಊರು ಹತ್ತಿರ ಬಂದಾಗ ನಾನೂ ಒಮ್ಮೆ ಮುಂದೆ ಹೋದೆ. ನನ್ನ ಹಿಂದೆ ಯಾರೋ ಸ್ವಲ್ಪ ಸುಖವಾಗಿ ತುಳಿಯುತ್ತಿದ್ದಾರೆ ಎಂಬ ಯೋಚನೆಗೇ ಕಾಲಿಗೆ ಬಲ ಬಂತು. ನಾನು ತಲುಪುವಷ್ಟರಲ್ಲಿ ಊರ ಬಾಗಿಲಿನ ಸಿಗ್ನಲ್ ಕೆಂಪಾಯಿತು, ಉಳಿದವರು ನನ್ನ ಹಿಂದೆ ನಿಂತರು. ಹಿಂದಕ್ಕೆ ತುಳಿದು, ಕಾಲು ಕೆಳಗಿಟ್ಟೆ.

ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ನಿಂತರು. ನಮ್ಮ ಗುಂಪಿನವರಲ್ಲ. ಬುಟ್ಟಿಯಲ್ಲಿ ಈರುಳ್ಳಿ ಸೊಪ್ಪು, ಮೂಗು ಕೆಂಪು. ನನ್ನ ಕಡೆ ತಿರುಗಿ, ಕೈಯನ್ನು ಗಾಳಿಗೆ ಬೀಸಿ, ಡೇನಿಶಿನಲ್ಲಿ ಏನೋ ಉದ್ದಕ್ಕೆ ಗೊಣಗಿದರು. ಸ್ಕಾರ್ಫು ನೋಡಲಿಲ್ಲ, ಯಾವ ದೇಶ ಎಂದು ಕೇಳಲಿಲ್ಲ. ದಿನಾ ಸೈಕಲ್ ತುಳಿಯುವವರು ಇನ್ನೊಬ್ಬ ಸೈಕಲಿನವರ ಹತ್ತಿರ ಗಾಳಿಯನ್ನು ಬೈಯುವ ಹಾಗೆ ಬೈದರು. ಒಂದು ಶಬ್ದವೂ ತಿಳಿಯಲಿಲ್ಲ, ಎಲ್ಲವೂ ಅರ್ಥವಾಯಿತು.

"ಎಂಚಿನ ಗಾಳಿ ಮಾರಾಯ್ರೆ!" ಎಂದು ನಾನೂ ತುಳುವಿನಲ್ಲಿ ಗಾಳಿಯನ್ನು ಬೈದೆ.

ಅಜ್ಜಿ ಹೌದು ಹೌದೆಂದು ತಲೆಯಾಡಿಸಿದರು. ಸಿಗ್ನಲ್ ಹಸಿರಾಯಿತು. ಇಬ್ಬರೂ ತುಳಿದೆವು.